ಬಿಜಲಿ ಮಲಗಲೊಂದು ಜಾಗ

ಮೊನ್ನೆ ಮಂಚೇನಹಳ್ಳಿಯಲ್ಲಿ ಬಸ್ಸಿಳಿದು ಊರಿನ ಕಡೆ ನಡೆಯುತ್ತಿದ್ದೆವು. ಯಾರದೋ ಕೊಟ್ಟಿಗೆಯಿಂದ ಬೇವಿನ ಸೊಪ್ಪಿನ ಹೊಗೆ ಬಂತು. ದನಗಳಿಗೆ ಸೊಳ್ಳೆ ಕಚ್ಚಬಾರದೆಂದು ಸಂಜೆ ಹೊತ್ತು ಹಾಕುತ್ತಾರಲ್ಲ, ಅದೇ. ಹುಟ್ಟಿದಾಗಿನಿಂದ ಕುಡಿದ ಹೊಗೆ, ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೂ ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಹೆಂಡತಿ ಹಿಂತಿರುಗಿ ನೋಡಿ, "ಏನ್ರೀ, ಮಂಡಿ ನೋವಾ?" ಅಂದಳು. ಹೂಂ ಅಂದೆ. ಮಂಡಿ ಚೆನ್ನಾಗಿಯೇ ಇತ್ತು. ನನಗೆ ನೆನಪಾಗಿದ್ದು ನಾನು ನಿವೃತ್ತನಾದ ವರ್ಷದ ಚಳಿಗಾಲ, ಒಂದು ಬಿಳಿ ಕುದುರೆ, ಮತ್ತು ಆ ಹೊಗೆಯಿಂದ ನಾನು ಮಾಡಿದ ಒಂದು ತಪ್ಪು.

ನಾನು ಮೂವತ್ತು ವರ್ಷ ದನದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ಡಾಕ್ಟರಲ್ಲ. ಡಾಕ್ಟರು ಬರೆದದ್ದನ್ನು ಚುಚ್ಚುವವನು. ಆದರೆ ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಎಷ್ಟು ಹಳ್ಳಿಯಲ್ಲಿ ಕೆಲಸ ಮಾಡಿದೆನೋ ಅಷ್ಟು ಹಳ್ಳಿಯಲ್ಲೂ ಜನ ನನ್ನನ್ನು ಡಾಕ್ಟ್ರೇ ಅಂತಲೇ ಕರೆದರು. ನಾನೂ ತಿದ್ದಲು ಹೋಗಲಿಲ್ಲ. ಹಸು ಕಿವಿ ಅಲ್ಲಾಡಿಸಿದರೆ ಜ್ವರ ಎಷ್ಟಿದೆ ಅಂತ ಹೇಳುತ್ತೇನೆ ಅನ್ನುವ ಜಂಬ ಒಂದು ಇತ್ತು. ನಿವೃತ್ತನಾದ ಮೇಲೆ ಕಿವಿ ತೋರಿಸುವ ಹಸುಗಳು ಕಡಿಮೆಯಾಗಿ, ಜಂಬ ಮಾತ್ರ ಹಾಗೇ ಉಳಿದಿತ್ತು.

ಆಗ ಕಾವ್ಯ ಬಂದಳು. ನನ್ನ ತಂಗಿಯ ಮಗಳು. ಮುದ್ದೇನಹಳ್ಳಿ ಹತ್ತಿರ ಒಂದು ಮಾವಿನ ತೋಪು ಹಿಡಿದು, ಐದು ಕುದುರೆ ಸಾಕಿ, ಭಾನುವಾರ ಬರುವವರಿಗೆ ಸವಾರಿ ಕಲಿಸುತ್ತಿದ್ದಳು. ನಮ್ಮ ಮನೆತನದಲ್ಲಿ ಕುದುರೆ ಹತ್ತಿದವರು ಯಾರೂ ಇಲ್ಲ, ಮದುವೆಗಂಡುಗಳನ್ನು ಬಿಟ್ಟರೆ. ಸಂಕ್ರಾಂತಿ ರಜಕ್ಕೆ ಅವಳು ಹೊಸದೊಂದು ಶುರು ಮಾಡಬೇಕೆಂದಿದ್ದಳು: ಬೆಟ್ಟಗಳ ಬುಡದಲ್ಲಿ ಮೂರು ದಿನದ ಸವಾರಿ, ದಾರಿಯಲ್ಲಿ ಎರಡು ಕಡೆ ಬಿಡಾರ.

"ಮಾವ, ಜನಕ್ಕೆ ಟೆಂಟ್ ಹಾಕಿದ್ರೆ ಎಲ್ಲಾದ್ರೂ ಮಲಗ್ತಾರೆ. ನಂಗೆ ಕುದುರೆಗೆ ಒಪ್ಪೋ ಜಾಗ ಬೇಕು. ಈ ಬೆಟ್ಟದ ಸುತ್ತ ಎಲ್ಲೆಲ್ಲಿ ಏನೇನಿದೆ ಅಂತ ನಿಮಗಿಂತ ಯಾರಿಗೆ ಗೊತ್ತು?"

"ಕುದುರೆ ಅಂದ್ರೇನಮ್ಮಾ, ಕೊಂಬಿಲ್ದೆ ಇರೋ ಎತ್ತು," ಅಂದೆ ನಾನು. "ಒಂದು ವಾರದಲ್ಲಿ ನೋಡಿಕೊಡ್ತೀನಿ."

ಅವಳು ನಕ್ಕಳು. ಜೊತೆಗೆ ಬಾಬಾಜಾನ್ ಸಾಬ್ರನ್ನೂ ಕರೆದುಕೊಂಡು ಹೋಗಿ ಅಂದಳು.

ಬಾಬಾಜಾನ್ ಸಾಬ್ರು ಶಿಡ್ಲಘಟ್ಟದವರು. ಎಪ್ಪತ್ತರ ಹತ್ತಿರ ವಯಸ್ಸು. ಅವರಪ್ಪ, ಅವರ ತಾತ ಎಲ್ಲ ಜಟಕಾ ಹೊಡೆದವರು, ಕುದುರೆಗೆ ಲಾಳ ಕಟ್ಟಿದವರು. ಜಟಕಾ ಹೋಗಿ ಆಟೋ ಬಂದ ಮೇಲೂ ಲಾಳದ ಕೆಲಸ ಬಿಡದೆ ತಿಂಗಳಿಗೊಮ್ಮೆ ಬಂದು ಕಾವ್ಯಳ ಕುದುರೆಗಳಿಗೆ ಕಟ್ಟುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ಅವರು ಒಂದು ಕಂದು ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಗೊರಸಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದರು. ಆ ಪ್ರಾಣಿ ಒಂದು ಸಲ ಒದ್ದಿದ್ದರೆ ಮುದುಕರು ಉಳಿಯುತ್ತಿರಲಿಲ್ಲ. ಅದು ಕಣ್ಣು ಅರೆಮುಚ್ಚಿ ಕಾಲು ಕೊಟ್ಟುಕೊಂಡು ನಿಂತಿತ್ತು. ನಾನು ಹಸುವಿನ ಕಾಲು ಎತ್ತಬೇಕಾದರೆ ಮೂರು ಜನ, ಒಂದು ಹಗ್ಗ, ಬೇಕಾದಷ್ಟು ಬೈಗುಳ ಬೇಕಾಗುತ್ತಿತ್ತು. ಆವತ್ತೇ ನನ್ನ ಜಂಬಕ್ಕೆ ಒಂದು ಪೆಟ್ಟು ಬಿತ್ತು.

ತೋಪಿನ ಮೂಲೆಯಲ್ಲಿ ಒಂಟಿಯಾಗಿ ಇನ್ನೊಂದು ಹೆಣ್ಣು ಕುದುರೆ ನಿಂತಿತ್ತು, ಹಾಲಿನಷ್ಟು ಬಿಳಿ. ಅದು ಸಾಬ್ರದು. ಹೆಸರು ಬಿಜಲಿ. ಮುಂಗಾಲುಗಳ ಗಿಣ್ಣಿನ ಮೇಲೆ ಕೂದಲು ಹೋಗಿ ಹಳೆಯ ಗಾಯ, ಹೊಸ ಗಾಯ ಎಲ್ಲ ಒಂದರ ಮೇಲೊಂದು ಇದ್ದವು. ನಾನು ನೋಡಿದ ತಕ್ಷಣ ತೀರ್ಪು ಕೊಟ್ಟೆ: "ವಯಸ್ಸಾಗಿದೆ. ಮುಂಗಾಲಲ್ಲಿ ಬಲ ಇಲ್ಲ. ಮುಗ್ಗರಿಸಿ ಬೀಳ್ತಾ ಇದೆ."

"ವಯಸ್ಸಲ್ಲ ಡಾಕ್ಟ್ರೇ," ಅಂದರು ಸಾಬ್ರು. "ನಿದ್ದೆ. ಅವಳು ಮಲಗಿ ವರ್ಷದ ಮೇಲಾಯ್ತು."

ಕುದುರೆ ನಿಂತೇ ನಿದ್ದೆ ಮಾಡುತ್ತದಲ್ಲ ಅಂದೆ. ಅದು ನನಗೂ ಗೊತ್ತಿದ್ದ ವಿಷಯ. ಸಾಬ್ರು ತಲೆಯಾಡಿಸಿದರು. ನಿಂತು ಮಾಡುವುದು ತೂಕಡಿಕೆ. ಗಾಢ ನಿದ್ದೆ ಬೇಕಾದರೆ ಅದು ನೆಲಕ್ಕೆ ಮೈ ಕೊಡಬೇಕು, ದಿನಕ್ಕೆ ಅರ್ಧ ಗಂಟೆಯಾದರೂ. ಕೊಡದಿದ್ದರೆ ಆ ನಿದ್ದೆ ನಿಂತಾಗಲೇ ಮೇಲೆ ಬಿದ್ದು ಮಂಡಿ ಕುಸಿಯುತ್ತದೆ. ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣೆದುರೇ ಅದು ನಡೆಯಿತು. ಬಿಸಿಲಿಗೆ ಬಿಜಲಿಯ ತಲೆ ಮೆಲ್ಲಗೆ ತಗ್ಗಿತು, ತುಟಿ ಜೋತುಬಿತ್ತು, ಮುಂಗಾಲು ಎರಡೂ ಒಟ್ಟಿಗೆ ಮಡಿಸಿಕೊಂಡು ಗಿಣ್ಣು ನೆಲಕ್ಕೆ ಬಡಿಯಿತು. ಮರುಕ್ಷಣ ಬೆಚ್ಚಿ ಎದ್ದು ನಿಂತಿತು. ಅಷ್ಟು ದೊಡ್ಡ ಜೀವ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಕಾರಣವನ್ನು ಸಾಬ್ರು ಒಂದೇ ಸಲ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ಜಟಕಾ ನಿಂತ ಮೇಲೆ ಬಿಜಲಿಯನ್ನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದರು. ಬಿಳಿ ಕುದುರೆಗೆ ಬೇಡಿಕೆ ಜಾಸ್ತಿ. ಚಿಂತಾಮಣಿಯ ಒಂದು ಮದುವೆಯಲ್ಲಿ ಯಾರೋ ಪಟಾಕಿ ಸರ ಹಚ್ಚಿ ಅವಳ ಹೊಟ್ಟೆಯ ಕೆಳಗೆ ಎಸೆದರು. ಮೇಲೆ ಮದುಮಗ, ಸುತ್ತ ಜನ, ಓಡಲು ಜಾಗವಿಲ್ಲ. ಹೊಗೆಯ ನಡುವೆ ನಡುಗುತ್ತಾ ನಿಂತೇ ಇದ್ದಳಂತೆ, ಸರ ಮುಗಿಯುವವರೆಗೆ. ಆವತ್ತಿನಿಂದ ನೆಲಕ್ಕೆ ಮೈ ಚಾಚಿಲ್ಲ.

ಕಾವ್ಯ ಅವಳನ್ನು ತೋಪಿನಲ್ಲಿ ಇಟ್ಟುಕೊಂಡದ್ದು ಸಾಬ್ರ ಮುಖ ನೋಡಿ. ಆದರೆ ಸವಾರಿಗೆ ಹಾಕುವ ಹಾಗಿಲ್ಲ. "ಬೆಟ್ಟದ ಇಳಿಜಾರಲ್ಲಿ ಮಂಡಿ ಕುಸಿದ್ರೆ ಮೇಲೆ ಕೂತೋರ ಗತಿ? ಅವಳ ಗತಿ?" ಅನ್ನುವುದು ಅವಳ ಪ್ರಶ್ನೆ, ಸರಿಯಾದ ಪ್ರಶ್ನೆಯೇ. ಕೆಲಸವಿಲ್ಲದ ಆರನೇ ಕುದುರೆಯನ್ನು ಸಾಕುವ ಶಕ್ತಿ ಅವಳಿಗಿರಲಿಲ್ಲ. ಮೆರವಣಿಗೆಗೆ ಕುದುರೆ ಒದಗಿಸುವವನೊಬ್ಬ ಅವಳನ್ನು ಕೊಡಿ ಅಂತ ಚಿಂತಾಮಣಿಯಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಕೊನೆಗೆ ಮಾತಾಗಿದ್ದು ಹೀಗೆ: ಸಂಕ್ರಾಂತಿಯೊಳಗೆ ಬಿಜಲಿ ಒಂದು ಸಲ ಮಲಗಿ ಎದ್ದರೆ ಅವಳಿಗೆ ಮುಂದೆ ಗುಣವಿದೆ ಅಂತ ಲೆಕ್ಕ, ತೋಪಿನಲ್ಲೇ ಇರಲಿ. ಇಲ್ಲದಿದ್ದರೆ ವಾಪಸ್ಸು ಮೆರವಣಿಗೆಗೆ.

"ಅವಳನ್ನೂ ಕರ್ಕೊಂಡ್ ಹೋಗಣ," ಅಂದರು ಸಾಬ್ರು. "ಜಾಗ ಚೆನ್ನಾಗೈತೆ ಅಂತ ನಾವಿಬ್ರು ಮುದುಕರು ಹೇಳಿದ್ರೆ ಏನು ಬಂತು? ಅವಳು ಹೇಳ್ಬೇಕು."

ಹೀಗೆ ದೀಪಾವಳಿಯ ಪಟಾಕಿ ಎಲ್ಲ ಅಡಗಿದ ಮೇಲೆ ನಾವು ಮೂವರು ಹೊರಟೆವು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ನಾನು ಚಿಕ್ಕಂದಿನಿಂದ ಒಣಗಿದ್ದನ್ನೇ ನೋಡಿದ್ದ ಕೆರೆಗಳೆಲ್ಲ ತುಂಬಿ, ಕೋಡಿ ಹರಿದು, ಜನ ಬೈಕ್ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಬೆಟ್ಟಗಳ ಮೈಮೇಲೆ ನೀರಿನ ಗೆರೆ ಇನ್ನೂ ಒಣಗಿರಲಿಲ್ಲ. ಬೆಳಿಗ್ಗೆ ಮಂಜು ಎಷ್ಟು ದಟ್ಟ ಅಂದರೆ, ಬಿಳಿ ಬಿಜಲಿ ಹತ್ತು ಮಾರು ಮುಂದೆ ಹೋದರೆ ಕಾಣುತ್ತಿರಲಿಲ್ಲ. ಲಾಳ ಕಲ್ಲಿಗೆ ತಾಗುವ ಸದ್ದು ಮಾತ್ರ ಬರುತ್ತಿತ್ತು. ಹೊಲಗಳಲ್ಲಿ ರಾಗಿ ಕೊಯ್ಲು. ದಾರಿಯುದ್ದಕ್ಕೂ ಅವರೆ ಹೂವು, ಕಾಯಿ, ಅದರ ಸೊಗಡು. ಮೂವತ್ತು ವರ್ಷ ಇದೇ ದಾರಿಯಲ್ಲಿ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಓಡಾಡಿದ್ದೆ. ರಸ್ತೆ ಗುಂಡಿ ಬಿಟ್ಟು ಬೇರೇನೂ ನೋಡಿರಲಿಲ್ಲ ಅಂತ ಆಗ ಗೊತ್ತಾಯಿತು.

ಮೊದಲ ಜಾಗ ನಾನೇ ತೋರಿಸಿದೆ. ಸ್ಕಂದಗಿರಿ ಬುಡದಲ್ಲಿ ಒಂದು ಹುಣಸೆ ತೋಪು. ಹಿಂದೆ ಮನೆಯಷ್ಟು ಎತ್ತರದ ಬಂಡೆ, ಗಾಳಿ ಬೀಸಲ್ಲ, ಹತ್ತಿರದಲ್ಲೇ ಒಂದು ಕುಂಟೆ, ಆ ಪುಟ್ಟ ಹೊಂಡದ ತುಂಬ ನೀರು. ದನ ಕಟ್ಟಿದರೆ ಸ್ವರ್ಗ ಅನ್ನುವಂಥ ಜಾಗ. ಸಾಬ್ರು ಸುತ್ತ ಒಂದು ಸಲ ನಡೆದರು. ಚಪ್ಪಲಿ ಬಿಟ್ಟು ಮತ್ತೊಂದು ಸಲ ನಡೆದರು. ಆಮೇಲೆ ಹೆಗಲ ಮೇಲಿದ್ದ ಟವೆಲ್ ಹಾಸದೆಯೇ ನೆಲದ ಮೇಲೆ ಮಲಗಿಬಿಟ್ಟರು, ಒಂದು ಮಗ್ಗುಲಿಗೆ, ಕಿವಿ ನೆಲಕ್ಕಿಟ್ಟು.

ಅವರೆ ಬಿಡಿಸುತ್ತಿದ್ದ ಹೆಂಗಸರು ಓಡಿ ಬಂದರು. "ಅಯ್ಯಯ್ಯೋ, ಸಾಬ್ರಿಗೆ ಏನಾಯ್ತು ಡಾಕ್ಟ್ರೇ?"

"ಏನಿಲ್ಲಮ್ಮ, ಜಾಗ ನೋಡ್ತಾವ್ರೆ," ಅಂದೆ. ನಾಚಿಕೆಯಿಂದ ಸತ್ತೇಹೋದೆ.

ಸಾಬ್ರು ಮಲಗಿದಲ್ಲಿಂದಲೇ ಹೇಳಿದರು: "ಇಲ್ಲಿಂದ ಏನೂ ಕಾಣಲ್ಲ. ಬಂಡೆ ಹಿಂದೆ ಏನೈತೆ ಅಂತ ಅವಳಿಗೆ ಗೊತ್ತಾಗಲ್ಲ."

"ಬಂಡೆ ಹಿಂದೆ ಬಂಡೆನೇ ಐತೆ ಸಾಬ್ರೇ."

"ಅದು ನಮಗೆ ಗೊತ್ತು."

ಆ ರಾತ್ರಿ ಅಲ್ಲೇ ಕಳೆದೆವು. ಬೆಳಿಗ್ಗೆ ಸಾಬ್ರು ಬಿಜಲಿಯ ಮಗ್ಗುಲಿನ ಮೇಲೆ ಅಂಗೈ ಆಡಿಸಿದರು. ಬಿಳಿ ಮೈ, ಮಲಗಿದ್ದರೆ ಮಣ್ಣಿನ ಕಲೆ ಇರಬೇಕು. ತೊಳೆದಿಟ್ಟ ಹಾಗೆ ಚೊಕ್ಕಟವಾಗಿತ್ತು. ಕುದುರೆ ಕೊಳೆಯಾಗಿಲ್ಲವಲ್ಲಾ ಅಂತ ಒಬ್ಬ ಮನುಷ್ಯ ಕೊರಗುವುದನ್ನು ನಾನು ಅದೇ ಮೊದಲು ನೋಡಿದ್ದು.

ದಾರಿಯಲ್ಲಿ ಅವರು ನನಗೆ ಬಿಡಿಸಿ ಹೇಳಿದರು. ಹಸು ಗೋಡೆಗೆ ಬೆನ್ನು ಕೊಟ್ಟು ಮೆಲುಕು ಹಾಕುತ್ತದೆ, ಅದಕ್ಕೆ ಕೊಂಬಿದೆ. ಕುದುರೆಗೆ ಇರುವುದು ಓಟ ಒಂದೇ. ಮಲಗುವುದು ಅಂದರೆ ಅದನ್ನೂ ಬಿಟ್ಟುಕೊಡುವುದು. ಆದ್ದರಿಂದ ಅದು ಮಲಗುವ ಮುಂಚೆ ನಾಲ್ಕು ದಿಕ್ಕನ್ನೂ ನೋಡುತ್ತದೆ, ಗಾಳಿಯನ್ನು ಕೇಳುತ್ತದೆ, ನೆಲವನ್ನು ಮೂಸುತ್ತದೆ. ಇಷ್ಟನ್ನು ಕೇಳಿದ ಮೇಲೆ ನನಗೆ ಬಿಜಲಿಯ ಪಕ್ಕದಲ್ಲಿ ನಡೆಯುವುದೇ ಬೇರೆ ಆಯಿತು. ಅವಳ ಕಿವಿಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ನನಗೆ ಕೇಳಿಸದ್ದು ಎಷ್ಟೋ ಈ ಬೆಟ್ಟಗಳಲ್ಲಿ ನಡೆಯುತ್ತಿತ್ತು, ಅದೆಲ್ಲ ಅವಳಿಗೆ ತಲುಪುತ್ತಿತ್ತು. ಅರವತ್ತು ವರ್ಷ ನಾನು ಅರ್ಧ ಕಿವುಡನಾಗಿ ಬದುಕಿದ್ದೆನೇನೋ ಅನ್ನಿಸಿತು.

ವಾರದ ಕೆಲಸ ಅಂತ ಹೊರಟದ್ದು ಎರಡು ತಿಂಗಳು ಹಿಡಿಯಿತು. ಎರಡು ಮೂರು ದಿನ ಅಲೆದು ಮನೆಗೆ ಬರುವುದು, ಮತ್ತೆ ಹೊರಡುವುದು. ಒಂದು ಜಾಗದಲ್ಲಿ ನೀರಿತ್ತು, ಆದರೆ ಮಧ್ಯಾಹ್ನ ಹೊತ್ತಿಗೆ ದೂರದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಢಮ್ಮೆಂದು ನೆಲವೇ ನಡುಗಿತು. ಬಿಜಲಿ ಬೆವರಿ ನೊರೆ ಕಾರಿದಳು. ಇನ್ನೊಂದು ಕಡೆ ಹುಲ್ಲು ಚೆನ್ನಾಗಿತ್ತು, ನಡುವೆ ಹಳೆಯ ಮುಳ್ಳುತಂತಿ ಮಣ್ಣಿನಲ್ಲಿ ಹುದುಗಿತ್ತು. ಸಾಬ್ರ ಬರಿಗಾಲಿಗೆ ಅದು ಸಿಕ್ಕಿತು. ಕೈವಾರದ ಕಡೆ ಒಂದು ಗುಡ್ಡದ ಗುಡಿ, ಅಂಗಳ ವಿಶಾಲ, ನಾಲ್ಕೂ ದಿಕ್ಕು ಕಾಣುತ್ತದೆ, ಬೇಲಿಗೆ ಗುಲಾಬಿ ಬಣ್ಣದ ಹೂವು ತುಂಬಿದ ಗಿಡಗಳು. ಎಷ್ಟು ಚೆಂದ ಅಂತ ನಾನು ಗೂಟ ಹೊಡೆಯಲು ಬಗ್ಗಿದೆ. ಸಾಬ್ರು ದೂರದಿಂದಲೇ ಕೂಗಿ ಬಿಜಲಿಯನ್ನು ತಿರುಗಿಸಿದರು. ಕಣಗಿಲೆ. ಒಂದು ಹಿಡಿ ಎಲೆ ತಿಂದರೂ ಕುದುರೆ ಉಳಿಯದು. ಅದರಿಂದ ಸತ್ತ ಹಸುಗಳನ್ನು ನಾನೇ ನೋಡಿದ್ದೆ. ಹೂವಿನ ಚೆಂದಕ್ಕೆ ಮರೆತಿದ್ದೆ. "ಡಾಕ್ಟ್ರೇ" ಅಂತ ಯಾರು ಕರೆದರೂ ಆವತ್ತು ಸಂಜೆವರೆಗೆ ನಾನು ತಿರುಗಿ ನೋಡಲಿಲ್ಲ.

ಅಂಬಾಜಿದುರ್ಗದ ಪಕ್ಕದ ಒಂದು ಏರಿನ ಮೇಲೆ ಕಂಡ ಬೆಳಗನ್ನು ಮಾತ್ರ ಹೇಳಲೇಬೇಕು. ಎದ್ದು ನೋಡಿದರೆ ಕೆಳಗೆ ಭೂಮಿಯೇ ಇರಲಿಲ್ಲ. ಮೋಡ ನಮ್ಮ ಕಾಲ ಕೆಳಗೆ ಕೆರೆಯ ಹಾಗೆ ನಿಂತಿತ್ತು, ಅದರಿಂದ ಬೆಟ್ಟಗಳ ತಲೆಗಳು ಮಾತ್ರ ಮೇಲೆದ್ದಿದ್ದವು. ದೂರದಲ್ಲಿ ನಂದಿ, ಅದರಾಚೆ ಹೆಸರು ಗೊತ್ತಿಲ್ಲದವು. ಬಿಜಲಿ ಏರಿನ ತುದಿಯಲ್ಲಿ ನಿಂತಿದ್ದಳು. ಸೂರ್ಯ ಅವಳ ಹಿಂದಿನಿಂದ ಹುಟ್ಟಿ ಬಂದ. ಮೈಯಿಂದ ಹಬೆ ಏಳುತ್ತಿತ್ತು. ನಾನು ದೇವರ ಕೋಣೆಯಲ್ಲೂ ಅಷ್ಟು ಹೊತ್ತು ಕೈ ಮುಗಿದು ನಿಂತವನಲ್ಲ. ಆಮೇಲೆ ಸಾಬ್ರು ಹೋಗಿ ಅವಳ ಮಗ್ಗುಲು ಸವರಿ, ಅಂಗೈ ನೋಡಿಕೊಂಡು, ತಲೆ ಅಲ್ಲಾಡಿಸಿದರು. ಅಲ್ಲೂ ಮಲಗಿರಲಿಲ್ಲ.

ಕಾವ್ಯಳ ಬಿಡಾರಕ್ಕೆ ಎರಡು ಜಾಗ ಅಷ್ಟರಲ್ಲಿ ಗೊತ್ತಾಗಿದ್ದವು. ಅವಳ ಐದು ಕುದುರೆಗಳೂ ಅಲ್ಲಿ ಒಂದು ರಾತ್ರಿ ಇದ್ದು ಸುಖವಾಗಿ ಹೊರಳಾಡಿ ಬಂದಿದ್ದವು. ನನ್ನ ಕೆಲಸ ಮುಗಿದಿತ್ತು. ಆದರೆ ಬಿಜಲಿಗೆ ಜಾಗ ಸಿಕ್ಕಿರಲಿಲ್ಲ, ಸಂಕ್ರಾಂತಿಗೆ ನಾಲ್ಕು ದಿನ ಉಳಿದಿತ್ತು. "ಇನ್ನೊಂದು ನೋಡಣ," ಅಂದೆ ನಾನೇ. "ನಮ್ಮ ಊರಿಗೇ ಹೋಗಣ. ಆವಲಬೆಟ್ಟದ ತಪ್ಪಲಲ್ಲಿ ನಮ್ಮ ಹೊಲ ಐತೆ."

ರಾಗಿ ಕೊಯ್ದು ಖಾಲಿಯಾದ ಹೊಲ. ಮೆತ್ತನೆ ಮಣ್ಣು, ಸ್ವಲ್ಪ ಏರು, ನೀರು ನಿಲ್ಲುವುದಿಲ್ಲ. ಮೂರು ಕಡೆ ಬಯಲು. ಸಾಬ್ರು ಎಂದಿನಂತೆ ಮಲಗಿ ನೋಡಿದರು. ಎದ್ದು ಮಣ್ಣು ಕೊಡವಿಕೊಂಡು, "ಪರವಾಗಿಲ್ಲ ಡಾಕ್ಟ್ರೇ," ಅಂದರು. ಎರಡು ತಿಂಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನೆನೆಸಿದ ಹುರುಳಿ ತಿಂದು ಮುಗಿಸಿದ ಬಿಜಲಿ ಹೊತ್ತು ಮುಳುಗುವ ಮುಂಚೆ ನೆಲ ಮೂಸಿದಳು. ಒಂದು ಸುತ್ತು ಸುತ್ತಿದಳು. ಮತ್ತೆ ಮೂಸಿದಳು. ಮುಂಗಾಲಿನಿಂದ ಮಣ್ಣು ಕೆರೆದು ಮಂಡಿಯನ್ನು ಒಂದಿಷ್ಟು ಬಗ್ಗಿಸಿದಳು. ಸಾಬ್ರು ನನ್ನ ತೋಳು ಹಿಡಿದುಕೊಂಡರು. ಆ ಬೆರಳುಗಳ ಬಿಗಿ ನನಗೆ ಈಗಲೂ ಗೊತ್ತಾಗುತ್ತದೆ. ಅವಳು ಮಲಗಲಿಲ್ಲ, ಆದರೆ ಯೋಚನೆ ಮಾಡಿದ್ದಳು. ಇವತ್ತು ರಾತ್ರಿ ಮಲಗುತ್ತಾಳೆ ಅಂತ ನಮ್ಮಿಬ್ಬರಿಗೂ ನಂಬಿಕೆ ಬಂತು.

ಕತ್ತಲಾಗುವ ಹೊತ್ತಿಗೆ ಹೊಲದ ಕೆಳಗಿನ ಕುಂಟೆ ಕಡೆಯಿಂದ ಸೊಳ್ಳೆ ಎದ್ದವು. ಬಿಜಲಿ ಬಾಲ ಬೀಸುತ್ತಾ ಚರ್ಮ ಅದುರಿಸುತ್ತಾ ನಿಂತಿದ್ದಳು. ಸಾಬ್ರು ನಮಾಜಿಗೆ ಕೈಕಾಲು ತೊಳೆಯಲು ಕುಂಟೆಗೆ ಹೋಗಿದ್ದರು. ಪಾಪ, ಸೊಳ್ಳೆ ಕಾಟ ಇಲ್ಲದಿದ್ದರೆ ಇನ್ನೂ ಬೇಗ ಮಲಗುತ್ತಾಳಲ್ಲ ಅಂದುಕೊಂಡೆ. ನನ್ನ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಮ್ಮ ಮಾಡುತ್ತಿದ್ದುದು, ಅವರತ್ತೆ ಮಾಡುತ್ತಿದ್ದುದು. ಬದುವಿನ ಮೇಲಿದ್ದ ಒಣ ತೊಗರಿ ಕಡ್ಡಿ ಒಟ್ಟಿ, ಮೇಲೆ ಎರಡು ಬೆರಣಿ ಇಟ್ಟು, ಕೈತುಂಬ ಹಸಿ ಬೇವಿನ ಸೊಪ್ಪು ಹಾಕಿ ಬೆಂಕಿ ಹಚ್ಚಿದೆ. ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಿ, ಹೊಗೆ ಅವಳ ಹೊಟ್ಟೆಯ ಕೆಳಗೆ ಸರಿಯಾಗಿ ಹೋಗುವ ಹಾಗೆ ಗುಡ್ಡೆಯನ್ನು ಸರಿಸಿದೆ.

ಬಿಳಿ ಹೊಗೆ ನೆಲಕ್ಕಂಟಿಕೊಂಡು ಹರಿಯಿತು. ತೊಗರಿ ಕಡ್ಡಿ ಚಟಪಟ ಸಿಡಿಯಿತು.

ಆ ಸದ್ದು ಕಿವಿಗೆ ಬಿದ್ದ ಕ್ಷಣವೇ ನನಗೆ ಅರ್ಥವಾಯಿತು. ಅರ್ಥವಾಗಿ ಪ್ರಯೋಜನವಿರಲಿಲ್ಲ. ಬಿಜಲಿ ಕಿರುಚಿದ್ದು ಕುದುರೆಯ ಸ್ವರದ ಹಾಗಿರಲಿಲ್ಲ. ಗೂಟ ನೆಲದಿಂದ ಕಿತ್ತು ಬಂತು. ಹಗ್ಗ, ಗೂಟ ಎಳೆದುಕೊಂಡು ಬದು ಹಾರಿ ಬೆಟ್ಟದ ಕಡೆ ಓಡಿದಳು. ಗೊರಸಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು. ಸಾಬ್ರು ಒದ್ದೆ ಕಾಲಲ್ಲಿ ಓಡಿ ಬಂದು ಹೊಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಸೊಳ್ಳೆ ಇತ್ತು ಸಾಬ್ರೇ," ಅಂದೆ.

ಟಾರ್ಚು ಹಿಡಿದು ಕೈಲಾದಷ್ಟು ಹುಡುಕಿದೆವು. ಆ ಬೆಟ್ಟದಲ್ಲಿ ಚಿರತೆ ಇದೆ ಅಂತ ಊರಿನವರೆಲ್ಲ ಹೇಳುತ್ತಿದ್ದರು, ಹಿಂದಿನ ವಾರ ಯಾರದೋ ಕರು ಹೋಗಿತ್ತು. ಆ ವಿಷಯ ನಾನು ಸಾಬ್ರಿಗೆ ಹೇಳಿರಲಿಲ್ಲ, ಯಾರೋ ಹೇಳಿಬಿಟ್ಟರು. ಬೆಳಕು ಹರಿಯುವ ಮುಂಚೆ ಮತ್ತೆ ಹೊರಟಾಗ ನಾನು ಅವರ ಮುಖ ನೋಡಲಾರದೆ ಹಿಂದೆ ಹಿಂದೆ ನಡೆಯುತ್ತಿದ್ದೆ. ತಪ್ಪಾಯಿತು ಅಂತ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಕೊನೆಗೆ ಅವರೇ ನಿಂತು ಹೇಳಿದರು:

"ನೀವು ಪ್ರೀತಿಯಿಂದ ಮಾಡಿದ್ದು ಡಾಕ್ಟ್ರೇ. ನಾನು ಆವತ್ತು ಬಾಡಿಗೆ ಆಸೆಗೆ ಮಾಡಿದ್ದೆ. ಅವಳಿಗೆ ಎರಡೂ ಒಂದೇ ಆಯ್ತು ನೋಡಿ."

ಇಬ್ಬನಿ ಬಿದ್ದ ಹುಲ್ಲಿನಲ್ಲಿ ಗೂಟ ಎಳೆದ ಗೆರೆ ಕಂಡಿತು. ಅದನ್ನೇ ಹಿಡಿದು ಹತ್ತಿದೆವು. ಒಂದು ಕಡೆ ತುಂಡಾದ ಹಗ್ಗ, ಗೂಟ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಹಗ್ಗದ ಮೇಲೆ ರಕ್ತವಿರಲಿಲ್ಲ, ಅದೊಂದು ಸಮಾಧಾನ. ಬೆಟ್ಟದ ತೋಳು ದಾಟಿ ಆಚೆ ಬದಿಗೆ ಬಂದಾಗ ಹೊತ್ತು ಮೇಲೆ ಬಂದಿತ್ತು. ಅತ್ತ ಕಡೆ ನಾನು ಯಾವತ್ತೂ ಹೋಗಿರಲಿಲ್ಲ. ಕೆಳಗೆ ಅಗಲವಾದ ಗೋಮಾಳ. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ನಡುವೆ ಕುರಿ ಮಂದೆ. ಮಂದೆಯ ನಡುವೆ ನೆಲದ ಮೇಲೆ ಉದ್ದಕ್ಕೆ ಬಿಳಿಯದೊಂದು ಬಿದ್ದಿತ್ತು.

ಕತ್ತು ನೀಡಿ, ನಾಲ್ಕೂ ಕಾಲು ಒಂದು ಕಡೆಗೆ ಚಾಚಿ, ಚಪ್ಪಟೆಯಾಗಿ. ಸತ್ತ ದನಗಳನ್ನು ನಾನು ಎಷ್ಟೋ ನೋಡಿದ್ದೇನೆ, ಎಲ್ಲ ಹಾಗೇ ಬಿದ್ದಿರುತ್ತವೆ.

ಸಾಬ್ರು "ಯಾ ಅಲ್ಲಾ" ಅಂತ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. ನೋಡಬೇಕಾದವನು ನಾನೇ, ಕೊಂದವನು ನಾನೇ ಅಂದುಕೊಂಡು ಕೆಳಗಿಳಿದೆ. ಮಂದೆಯ ಅಂಚಿನಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಕೋಲಿನ ಮೇಲೆ ಗಲ್ಲ ಊರಿ ನಿಂತಿದ್ದಳು. ನಾನು ಹತ್ತಿರ ಬರುತ್ತಿದ್ದಂತೆ ಬಾಯಿ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಬಾರಪ್ಪ. ನಿದ್ರ ಪೋತಾ ಉಂದಿ."

ನಿದ್ದೆ ಮಾಡುತ್ತಿದೆ. ನನಗೆ ತೆಲುಗು ಬಾರದೇ ಏನಿಲ್ಲ, ಆದರೂ ಆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ನೋಡಿದೆ. ಹೊಟ್ಟೆ ಏರಿತು. ನಾನು ಎಣಿಸುತ್ತಾ ನಿಂತೆ. ಇಳಿಯಿತು. ಮತ್ತೆ ಏರಿತು. ಮುಂಗಾಲು ಮೆಲ್ಲಗೆ ಅಲುಗಾಡುತ್ತಿದ್ದವು, ಎಲ್ಲೋ ಓಡುತ್ತಿರುವ ಹಾಗೆ. ತುಟಿ ಅದುರುತ್ತಿತ್ತು. ಕನಸು ಬಿದ್ದಿತ್ತು ಅವಳಿಗೆ. ಸುತ್ತ ಅರವತ್ತು ಎಪ್ಪತ್ತು ಕುರಿಗಳು, ಕೆಲವು ಅವಳ ಬೆನ್ನಿಗೆ ಬೆನ್ನು ತಾಗಿಸಿ ಮೆಲುಕು ಹಾಕುತ್ತಾ ಮಲಗಿದ್ದವು, ಕೆಲವು ನಿಂತಿದ್ದವು. ನಾನು ಆವರೆಗೆ ನೋಡಿದ ಬೆಟ್ಟ, ಮೋಡ, ತುಂಬಿದ ಕೆರೆ ಯಾವುದೂ ಆ ಏರಿಳಿಯುವ ಬಿಳಿ ಹೊಟ್ಟೆಯಷ್ಟು ದೊಡ್ಡದಾಗಿ ಕಾಣಲಿಲ್ಲ.

ಮುದುಕಿಯ ಹೆಸರು ಗಂಗುಲಮ್ಮ. ಪಿಸುಮಾತಿನಲ್ಲೇ ಹೇಳಿದಳು. ಕತ್ತಲು ಹರಿಯುವ ಮುಂಚೆ ಬುಸುಗುಟ್ಟುತ್ತಾ ಬಂತಂತೆ. ನಾಯಿಗಳು ಬೊಗಳಿದರೂ ಹೋಗಲಿಲ್ಲ, ಮಂದೆಯೊಳಗೇ ನುಗ್ಗಿ ನಡುವೆ ನಿಂತುಕೊಂಡಿತು. ಒಂದೊಂದು ಕುರಿಯನ್ನೂ ಮೂಸಿತು. ಬಿಸಿಲು ಬಿದ್ದ ಮೇಲೆ ಕಾಲು ಮಡಿಚಿಕೊಂಡು ಕೂತಿತು, ಆಮೇಲೆ ಉದ್ದಕ್ಕೆ ಮಲಗಿತು.

"ಆವಾಗ್ಲಿಂದ ನಿಂತಿದ್ದೀಯೇನಮ್ಮ?"

"ಮತ್ತೆ? ನಾನ್ ಅಲ್ಲಾಡಿದ್ರೆ ಕುರಿ ಎದ್ದು ಹೊರಡ್ತವೆ. ಕುರಿ ಎದ್ರೆ ಇದು ಎದ್ದು ಬಿಡ್ತದೆ. ಎಷ್ಟು ದಿನದ ನಿದ್ದೆನೋ ಏನೋ, ಮಕ ನೋಡಿದ್ರೆ ಗೊತ್ತಾಗಲ್ವ?"

ನಾವು ಎರಡು ತಿಂಗಳು ನೀರು ನೋಡಿದೆವು, ಹುಲ್ಲು ನೋಡಿದೆವು, ಗಾಳಿ, ಮಣ್ಣು, ದಿಕ್ಕು ಎಲ್ಲ ನೋಡಿದೆವು. ಹೋದಲ್ಲೆಲ್ಲ ಅವಳೊಬ್ಬಳನ್ನೇ ಕಟ್ಟಿ, ನಾವು ದೂರದಲ್ಲಿ ಗುಡಾರದೊಳಗೆ ಮಲಗಿದೆವು. ತೋಪಿನಲ್ಲೂ ಅವಳು ಮೂಲೆಯಲ್ಲಿ ಒಬ್ಬಳೇ. ಹಿಂಡಿನ ಪ್ರಾಣಿ, ತಾನು ಕಣ್ಣು ಮುಚ್ಚಿದಾಗ ಇನ್ನೊಂದು ಜೀವ ಕಣ್ಣು ಬಿಟ್ಟುಕೊಂಡಿರಬೇಕು ಅನ್ನುವುದಷ್ಟೇ ಅವಳಿಗೆ ಬೇಕಿದ್ದದ್ದು. ಲಾಳದ ಸಾಬ್ರಿಗೂ ಹೊಳೆಯಲಿಲ್ಲ, ಮೂವತ್ತು ವರ್ಷದ ನನಗೂ ಹೊಳೆಯಲಿಲ್ಲ. ಅಲ್ಲಿ ನಿಂತು ನನಗೆ ನಾಚಿಕೆ, ಸಂತೋಷ ಎರಡೂ ಒಟ್ಟಿಗೆ ಆಯಿತು.

ಫೋನ್ ತೆಗೆದು, ಸದ್ದು ಆರಿಸಿ, ಒಂದು ಫೋಟೋ ತೆಗೆದು ಕಾವ್ಯಳಿಗೆ ಕಳಿಸಿದೆ. ಏನು ಬರೆಯಬೇಕೋ ತೋಚದೆ ಹಾಗೇ ಕಳಿಸಿಬಿಟ್ಟೆ. ಕೂಡಲೇ ಉತ್ತರ ಬಂತು: "ಅಯ್ಯೋ ಮಾವ, ಹೋಗ್ಬಿಟ್ಲಾ?"

"ಇಲ್ಲಮ್ಮ. ಮಲಗಿದ್ದಾಳೆ," ಅಂತ ಬರೆದೆ.

ಆಮೇಲೆ ಬಂತು: "ಎಬ್ಬಿಸಬೇಡಿ. ಚಿಂತಾಮಣಿಯವನಿಗೆ ನಾನೇ ಹೇಳ್ತೀನಿ, ಅವಳು ಬರಲ್ಲ ಅಂತ."

ಅದನ್ನು ತೋರಿಸಲು ತಿರುಗಿದೆ. ಸಾಬ್ರು ಯಾವಾಗ ಎದ್ದು ಬಂದರೋ, ಗಂಗುಲಮ್ಮನ ಪಕ್ಕದಲ್ಲಿ ನಿಂತಿದ್ದರು. ಅಳುತ್ತಿದ್ದರು. ಮೈಯೆಲ್ಲ ಅಲುಗಾಡುತ್ತಿತ್ತು, ಆದರೆ ಒಂದು ಚೂರೂ ಸದ್ದಿರಲಿಲ್ಲ. ಅವಳಿಗೆ ಎಚ್ಚರವಾಗಿಬಿಟ್ಟೀತು ಅಂತ ಟವೆಲನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದುಕೊಂಡಿದ್ದರು.